ಮಾಗಿಯ ಒಲೆ: ಹಂಚು ಮತ್ತು ಹಂಚಿಕೆ

ಒಂದು ಜನಾಂಗದ ಸಂಸ್ಕೃತಿಯನ್ನು ಅರಿಯಬೇಕಾದರೆ ಅದರ ಶಾಸನಗಳನ್ನೂ ಕಾವ್ಯಗಳನ್ನೂ ದೇಗುಲಗಳನ್ನೂ ನೋಡಬೇಕೆಂದು ವಿದ್ವಾಂಸರು ಹೇಳುತ್ತಾರೆ. ಆ ಮಾತು ಸತ್ಯವೇ. ಆದರೆ ಶಾಸನವನ್ನು ಕೆತ್ತಿಸಿದವನು ಅರಸ, ಕಾವ್ಯವನ್ನು ಬರೆದವನು ಕವಿ, ದೇಗುಲವನ್ನು ಕಟ್ಟಿದವನು ಶಿಲ್ಪಿ. ಇವರೆಲ್ಲರಿಗೂ ಅನ್ನವಿಕ್ಕಿದ ಕೈ ಯಾವುದು ಎಂಬ ಪ್ರಶ್ನೆಗೆ ಉತ್ತರ ದೊರೆಯುವ ಸ್ಥಳ ಒಂದೇ. ಅದು ಅಡಿಗೆಯ ಮನೆಯ ಒಲೆ. ಕಲ್ಲಿನ ಬರಹ ಸವೆದರೆ ಓದುವ ಪರಿಣತರಿದ್ದಾರೆ. ಒಲೆಯ ಮುಂದಿನ ವಿದ್ಯೆ ಅಳಿದರೆ ಅದನ್ನು ಮತ್ತೆ ಓದಿ ಹೇಳುವವರಿಲ್ಲ. ಏಕೆಂದರೆ ಅದು ಕೈಯಿಂದ ಕೈಗೆ ಸಾಗಿ ಬಂದ ವಿದ್ಯೆ.

ಉತ್ತರ ಕರ್ನಾಟಕದ ಮನೆಗಳಲ್ಲಿ ಈ ವಿದ್ಯೆ ತನ್ನ ಪೂರ್ಣ ಸ್ವರೂಪದಲ್ಲಿ ಕಾಣುವುದು ಮಾಗಿಯ ಕಾಲದಲ್ಲಿ. ಎಳ್ಳ ಅಮಾವಾಸ್ಯೆಯಿಂದ ಮೊದಲ್ಗೊಂಡು ಭೋಗಿ, ಸಂಕ್ರಮಣ, ಕರಿ ಎಂಬ ಹಬ್ಬಗಳ ಸಾಲು ಮುಗಿಯುವವರೆಗೆ ಆ ಮನೆಗಳಲ್ಲಿ ಬೆಂಕಿಯ ಸುತ್ತ ನಡೆಯುವ ಕೆಲಸಗಳನ್ನು, ಅವುಗಳ ಹಿಂದಿರುವ ತಿಳಿವಳಿಕೆಯನ್ನು, ಅವುಗಳಲ್ಲಿ ಅಡಗಿರುವ ಕನ್ನಡ ಪದಸಂಪತ್ತನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮಾಗಿ ಎಂಬ ಕಾಲ

‘ಮಾಗಿ’ ಎಂಬುದು ‘ಮಾಘ’ ಶಬ್ದದ ತದ್ಭವ. ಸಂಸ್ಕೃತದ ಋತುಗಣನೆಯಲ್ಲಿ ಮಾರ್ಗಶಿರ ಪುಷ್ಯಗಳು ಹೇಮಂತ, ಮಾಘ ಫಾಲ್ಗುಣಗಳು ಶಿಶಿರ. ನಾಡವರ ನುಡಿಯಾದರೋ ಈ ವಿಭಾಗವನ್ನು ಅಷ್ಟಾಗಿ ಲೆಕ್ಕಿಸದೆ ಚಳಿ ಕೊರೆಯುವ ಕಾಲವನ್ನೆಲ್ಲ ಮಾಗಿ ಎಂದೇ ಕರೆಯಿತು. ಮಾಗಿಯ ಉಳುಮೆ, ಮಾಗಿಯ ಚಳಿ ಎಂಬ ಪ್ರಯೋಗಗಳು ಒಕ್ಕಲಿಗರ ಬಾಯಲ್ಲಿ ಇಂದಿಗೂ ಜೀವಂತವಾಗಿವೆ.

ಈ ಕಾಲದ ಕೇಂದ್ರಬಿಂದು ಮಕರ ಸಂಕ್ರಮಣ. ಸೂರ್ಯನು ಧನುರಾಶಿಯಿಂದ ಮಕರರಾಶಿಗೆ ದಾಟುವ ದಿನವದು. ಉತ್ತರಾಯಣವು ನಿಜವಾಗಿ ಡಿಸೆಂಬರ್ 21 ಅಥವಾ 22ರಂದೇ ಮೊದಲಾಗುತ್ತದೆ. ಸಂಕ್ರಮಣವು ಬರುವುದು ಜನವರಿ 14 ಅಥವಾ 15ಕ್ಕೆ. ಅಯನಚಲನೆಯ ದೆಸೆಯಿಂದ ಸುಮಾರು 71 ವರ್ಷಗಳಿಗೊಂದು ದಿನದಂತೆ ಇವೆರಡರ ಅಂತರ ಬೆಳೆಯುತ್ತ ಬಂದಿದೆ. ಸುಮಾರು 1700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಕೂಡುತ್ತಿದ್ದವು. ಪಂಚಾಂಗದ ಲೆಕ್ಕ ಜರುಗಿದರೂ ಮನೆಯ ಲೆಕ್ಕ ಜರುಗಿಲ್ಲ. ಹಗಲು ಹಿಗ್ಗುತ್ತಿದೆ, ಬೆಳೆ ಕೈಗೆ ಬರುತ್ತಿದೆ, ಮೈಗೆ ಕಾವು ಬೇಕಾಗಿದೆ ಎಂಬ ಮೂರು ಸಂಗತಿಗಳ ಮೇಲೆ ಈ ಹಬ್ಬಗಳ ಅಡಿಗೆ ನಿಂತಿದೆ.

ಹೊಲದಲ್ಲಿಯ ಬೆಂಕಿ

ಮಾಗಿಯ ಅಡಿಗೆ ಮನೆಯ ಒಲೆಗಿಂತ ಮೊದಲು ಹೊಲದಲ್ಲಿಯೇ ಪ್ರಾರಂಭವಾಗುತ್ತದೆ. ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳವನ್ನು ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಬಿತ್ತುತ್ತಾರೆ. ಮಳೆ ನಿಂತ ಮೇಲೆ ನೆಲದಲ್ಲಿ ಉಳಿದ ಹಸಿಯನ್ನೂ ಚಳಿಗಾಲದ ಇಬ್ಬನಿಯನ್ನೂ ನಂಬಿ ಈ ಬೆಳೆ ಬೆಳೆಯುತ್ತದೆ. ಕಾಳು ಹಾಲುಗಟ್ಟಿ ಇನ್ನೂ ಬಲಿಯದಿರುವಾಗ ತೆನೆಯನ್ನು ಕೊಯ್ದು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಯಾಗಿರುವಾಗಲೇ ಉಜ್ಜಿ ಕಾಳು ಬಿಡಿಸಿ, ಬೆಲ್ಲದೊಡನೆಯೋ ಶೇಂಗಾ ಹಿಂಡಿಯೊಡನೆಯೋ ತಿನ್ನುವ ಪದಾರ್ಥಕ್ಕೆ ‘ಸೀತನಿ’ ಎಂದು ಹೆಸರು. ಸಿಹಿಯಾದ ತೆನೆ ಸೀತೆನೆ. ಸೀತೆನೆಯೇ ಆಡುಮಾತಿನಲ್ಲಿ ಸೀತನಿಯಾಯಿತು. ಸಿಹಿ ಎಂಬುದು ‘ಸೀ’ ಆಗಿ ಮುಂದಿನ ಪದದೊಡನೆ ಸೇರುವುದು ಸೀನೀರು ಎಂಬಲ್ಲಿಯೂ ಕಾಣುತ್ತದೆ. ವ್ಯಾಕರಣವನ್ನು ಓದದ ರೈತನ ನಾಲಗೆಯಲ್ಲಿ ಸಮಾಸದ ನಿಯಮವು ಹೀಗೆ ತಾನಾಗಿ ಪಾಲಿಸಲ್ಪಟ್ಟಿದೆ.

ಮಾರ್ಗಶಿರ ಮಾಸದ ಕೊನೆಗೆ ಬರುವ ಎಳ್ಳ ಅಮಾವಾಸ್ಯೆಯಂದು ಇಡೀ ಮನೆತನವೇ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುವುದು ವಿಜಯಪುರ, ಬಾಗಲಕೋಟೆ, ಕಲಬುರಗಿ, ಬೀದರ ಮೊದಲಾದ ಜಿಲ್ಲೆಗಳ ವಾಡಿಕೆ. ಹೊಲದಲ್ಲಿ ಐದು ಕಲ್ಲುಗಳನ್ನಿಟ್ಟು ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸುತ್ತಾರೆ. ಬನ್ನಿಯ ಗಿಡಕ್ಕೆ ಪೂಜೆಯಾಗುತ್ತದೆ. ತಂದ ಅಡಿಗೆಯ ಎಲ್ಲ ಬಗೆಗಳನ್ನೂ ಸ್ವಲ್ಪ ಸ್ವಲ್ಪ ಕೂಡಿಸಿ, ಬೆಳೆಯ ನಡುವೆ ನಡೆಯುತ್ತ ನಾಲ್ಕೂ ದಿಕ್ಕಿಗೆ ಎರಚುತ್ತಾರೆ. ಇದಕ್ಕೆ ‘ಚರಗ ಚೆಲ್ಲುವುದು’ ಎಂದು ಹೆಸರು. ಉಣ್ಣುವ ಮೊದಲ ಪಾಲು ಭೂಮಿಗೆ, ಹಕ್ಕಿಗೆ, ಹುಳುವಿಗೆ. ಅನಂತರ ಪಕ್ಕದ ಹೊಲದವರಿಗೆ, ದಾರಿಹೋಕರಿಗೆ. ಕಡೆಯದು ಮನೆಯವರಿಗೆ. ಸಜ್ಜೆಯ ಕಡುಬು, ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಗುರೆಳ್ಳು ಮತ್ತು ಅಗಸಿಯ ಚಟ್ನಿಗಳು ಅಂದಿನ ಬುತ್ತಿಯಲ್ಲಿರುತ್ತವೆ. ಕಲಬುರಗಿ ಬೀದರಗಳ ಕಡೆಯಲ್ಲಿ ಹಲವು ಸೊಪ್ಪು ಹಸಿಕಾಳುಗಳನ್ನು ಒಟ್ಟಿಗೆ ಬೇಯಿಸಿದ ಭಜ್ಜಿಯೂ ಅಂಬಲಿಯೂ ಇಲ್ಲದೆ ಈ ಹಬ್ಬ ಪೂರ್ತಿಯಾಗದು.

ಒಲೆಯ ಮುಂದಿನ ವಿದ್ಯೆ

ಬೆಂಕಿಯ ಮೇಲೆ ಪದಾರ್ಥವನ್ನು ಪಕ್ವಗೊಳಿಸುವ ಕ್ರಿಯೆಗಳನ್ನು ಹೇಳಲು ಕನ್ನಡದಲ್ಲಿ ಬೇಯಿಸು, ಸುಡು, ಹುರಿ, ಕರಿ, ಕಾಸು, ಬಾಡಿಸು ಎಂಬ ಬೇರೆ ಬೇರೆ ಧಾತುಗಳಿವೆ. ನೀರಿನಿಂದಾದರೆ ಬೇಯುವುದು, ನೀರೂ ಎಣ್ಣೆಯೂ ಇಲ್ಲದೆ ಹಂಚಿನ ಮೇಲೆ ಕಾಳಿಗಾದರೆ ಹುರಿಯುವುದು, ಎಣ್ಣೆಯಲ್ಲಿ ಮುಳುಗಿದರೆ ಕರಿಯುವುದು, ಹಾಲಿಗಾದರೆ ಕಾಸುವುದು. ರೊಟ್ಟಿಗೆ ಸಲ್ಲುವ ಮಾತು ‘ಸುಡು’. ಸುಡುವುದೆಂದರೆ ಬೂದಿ ಮಾಡುವುದಲ್ಲ. ಕೆಂಡದ ಕಾವನ್ನು ಹಿಟ್ಟಿನೊಳಕ್ಕೆ ಅಳತೆಯಿಂದ ಇಳಿಸುವುದು. ಕುಂಬಾರನು ಮಡಕೆಯನ್ನು ಸುಡುತ್ತಾನೆ, ಅಕ್ಕಸಾಲಿಗನು ಚಿನ್ನವನ್ನು ಪುಟಕ್ಕಿಡುತ್ತಾನೆ, ಗೃಹಿಣಿಯು ರೊಟ್ಟಿಯನ್ನು ಸುಡುತ್ತಾಳೆ. ಮೂರು ಕಡೆಯಲ್ಲಿಯೂ ಕಣ್ಣಳತೆಯೇ ಪ್ರಮಾಣ.

ಗೋಧಿಯ ಹಿಟ್ಟಿನಲ್ಲಿ ಜಿಗುಟನ್ನು ಕೊಡುವ ಅಂಟು ಸ್ವಭಾವತಃ ಇದೆ. ಜೋಳಕ್ಕಾಗಲಿ ಸಜ್ಜೆಗಾಗಲಿ ಆ ಗುಣವಿಲ್ಲ. ಆದ್ದರಿಂದ ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ಬಡಿಯುವಾಗ ಒಡೆಯುತ್ತದೆ. ಇದಕ್ಕೆ ನಮ್ಮ ಹೆಂಗಸರು ಕಂಡುಕೊಂಡ ಉಪಾಯವೇ ಎಸರು. ಕುದಿಯುವ ನೀರನ್ನು ಹಿಟ್ಟಿನ ನಡುವೆ ಹುಯ್ದಾಗ ಹಿಟ್ಟಿನ ಒಂದು ಭಾಗ ಅರೆಬೆಂದು ಅಂಟಾಗುತ್ತದೆ. ಆ ಅಂಟು ಉಳಿದ ಹಿಟ್ಟನ್ನು ಹಿಡಿದಿಡುತ್ತದೆ. ಪಿಷ್ಟವು ಬಿಸಿನೀರಿನಲ್ಲಿ ಉಬ್ಬಿ ಅಂಟಾಗುವ ಈ ಗುಣವನ್ನು ರಸಾಯನಶಾಸ್ತ್ರ ಇಂದು ವಿವರಿಸುತ್ತದೆ. ಹೆಸರಿಲ್ಲದ ಯಾವಳೋ ಅಜ್ಜಿ ಅದನ್ನು ಶತಮಾನಗಳ ಹಿಂದೆ ಅಂಗೈಯಿಂದಲೇ ಅರಿತಿದ್ದಳು.

ಮುಂದಿನ ಕ್ರಮವೂ ಅಷ್ಟೇ ಯುಕ್ತವಾದುದು. ಹಿಟ್ಟನ್ನು ಅಂಗೈಯ ಬುಡದಿಂದ ಮಿದ್ದು ನಾದಬೇಕು. ಉಂಡೆಯನ್ನು ಹುಡಿಹಿಟ್ಟಿನ ಮೇಲಿಟ್ಟು ಒಂದು ಕೈಯಿಂದ ತಟ್ಟುತ್ತ ಇನ್ನೊಂದು ಕೈಯಿಂದ ತಿರುಗಿಸುತ್ತ ಹೋಗಬೇಕು. ರೊಟ್ಟಿ ಅಗಲವಾದಂತೆ ಅಂಚು ಒಡೆಯದಿರುವುದೂ ನಡುವು ದಪ್ಪವಾಗದಿರುವುದೂ ಪಳಗಿದ ಕೈಯ ಲಕ್ಷಣ. ಕಾದ ಹಂಚಿನ ಮೇಲೆ ಹಾಕಿದ ಕೂಡಲೆ ಮೇಲ್ಮುಖಕ್ಕೆ ಒದ್ದೆಯ ಅರಿವೆಯಿಂದ ನೀರು ಸವರುತ್ತಾರೆ. ಇದರಿಂದ ಒಣಹಿಟ್ಟು ತೊಳೆದುಹೋಗಿ ಮೇಲ್ಪದರ ಬಿರಿಯದೆ ಉಳಿಯುತ್ತದೆ. ನೀರು ಆರುತ್ತಿದ್ದಂತೆ ಮಗುಚಿ ಹಾಕಿ, ಕಡೆಗೆ ಕೆಂಡದ ಬದಿಗೆ ನಿಲ್ಲಿಸಿದರೆ ಒಳಗಿನ ಹಬೆಯಿಂದ ರೊಟ್ಟಿ ಬುಗ್ಗೆಯಂತೆ ಉಬ್ಬುತ್ತದೆ. ಹಾಗೆ ಸುಟ್ಟ ರೊಟ್ಟಿಯನ್ನು ಒಲೆಯ ಬಳಿ ಆರಲಿಟ್ಟು ಗರಿಗರಿಯಾಗಿಸಿದರೆ ಅದೇ ಕಟಿರೊಟ್ಟಿ, ಖಡಕ್ ರೊಟ್ಟಿ. ಅದರಲ್ಲಿ ತೇವವಿಲ್ಲದ ಕಾರಣ ವಾರಗಟ್ಟಲೆ ಕೆಡದು.

ಸಜ್ಜೆಯ ಮಾತು ಬೇರೆ. ಸಜ್ಜೆಯಲ್ಲಿ ಜಿಡ್ಡಿನ ಅಂಶ ಹೆಚ್ಚು. ನೂರರಲ್ಲಿ ಸುಮಾರು ಐದು ಪಾಲು. ಆದುದರಿಂದ ಬೀಸಿಟ್ಟ ಸಜ್ಜೆಯ ಹಿಟ್ಟು ಕೆಲವೇ ದಿನಗಳಲ್ಲಿ ಕಮಟು ಹಿಡಿದು ಕಹಿಯಾಗುತ್ತದೆ. ಹಬ್ಬಕ್ಕೆ ಬೇಕಾದಷ್ಟನ್ನೇ ಹಬ್ಬದ ಮುನ್ನಾದಿನ ಬೀಸಬೇಕೆಂಬ ಹಿರಿಯರ ಕಟ್ಟಳೆಗೆ ಇದೇ ಕಾರಣ. ಎಳ್ಳಿನಲ್ಲಿಯಾದರೋ ಸುಮಾರು ಅರ್ಧದಷ್ಟು ಎಣ್ಣೆಯೇ ಇದೆ. ಸಂಸ್ಕೃತದಲ್ಲಿ ತಿಲದಿಂದ ಬಂದುದು ತೈಲ. ಕನ್ನಡದಲ್ಲಿ ‘ಎಳ್’ ಮತ್ತು ‘ನೆಯ್’ ಕೂಡಿ ಎಣ್ಣೆಯಾಯಿತು. ಬಿಳಿದೆಂಬ ಅರ್ಥದ ‘ಬೆಳ್’ ಮತ್ತು ‘ನೆಯ್’ ಕೂಡಿ ಬೆಣ್ಣೆಯಾಯಿತು. ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜೆರೊಟ್ಟಿಯ ಮೇಲೆ ಬೆಣ್ಣೆಯ ಮುದ್ದೆಯನ್ನಿಟ್ಟು ಮಕ್ಕಳಿಗೆ ಕೊಡುವಾಗ ತಾಯಿಯು ಚಳಿಗೆ ಬಿರಿಯುವ ಮೈಗೆ ಜಿಡ್ಡನ್ನು ಕೊಡುತ್ತಾಳೆ. ಅರಿಯದೆಯೇ ಕನ್ನಡ ಸಂಧಿಪ್ರಕರಣದ ಎರಡು ಉದಾಹರಣೆಗಳನ್ನೂ ಕೊಡುತ್ತಾಳೆ.

ಕುಸುರೆಳ್ಳಿನ ತಾಳ್ಮೆ

ಮಾಗಿಯ ಅಡಿಗೆಗಳಲ್ಲಿ ಅತ್ಯಂತ ತಾಳ್ಮೆಯನ್ನು ಬೇಡುವುದು ಕುಸುರೆಳ್ಳು. ಮೈಸೂರು ಸೀಮೆಯಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿ ಬೀಜಗಳನ್ನು ಕೂಡಿಸಿ, ಸಕ್ಕರೆಯ ಅಚ್ಚು, ಕಬ್ಬು, ಎಲಚಿಹಣ್ಣುಗಳೊಡನೆ ಬೀರುವುದು ರೂಢಿ. ಉತ್ತರದ ಸೀಮೆಯಲ್ಲಿ ಎಳ್ಳಿನ ಒಂದೊಂದು ಕಾಳಿಗೂ ಸಕ್ಕರೆಯ ಮುಳ್ಳು ಮೂಡಿಸುವ ಕಲೆ ಬೆಳೆದುಬಂದಿತು.

ಅದರ ವಿಧಾನ ಹೀಗೆ. ಸಕ್ಕರೆಯ ಪಾಕವನ್ನು ಕುದಿಸುವಾಗ ಒಂದು ಚಮಚ ಹಾಲು ಹಾಕಿ, ಮೇಲೆ ಬಂದ ಕಲ್ಮಷವನ್ನು ತೆಗೆದು ತಿಳಿಯಾಗಿಸುತ್ತಾರೆ. ಅಗಲವಾದ ತಟ್ಟೆಯಲ್ಲಿ ಹಸನು ಮಾಡಿದ ಎಳ್ಳನ್ನು ಹರಡಿ ಕೆಂಡದ ಸಣ್ಣ ಕಾವಿನ ಮೇಲಿಡುತ್ತಾರೆ. ಪಾಕವನ್ನು ಚಮಚ ಚಮಚವಾಗಿ ಬಿಡುತ್ತ ಬೆರಳುಗಳಿಂದ ಎಡೆಬಿಡದೆ ಆಡಿಸುತ್ತಾರೆ. ಒಂದು ಪದರ ಆರಿದ ಮೇಲೆಯೇ ಇನ್ನೊಂದು ಪದರ. ಕಾವು ಹೆಚ್ಚಾದರೆ ಸಕ್ಕರೆ ಕರಗಿ ಎಳ್ಳು ಗಂಟಾಗುತ್ತದೆ, ಕಡಿಮೆಯಾದರೆ ಹಿಟ್ಟಾಗಿ ಉದುರುತ್ತದೆ. ಬೆಳಗಿನ ಜಾವದ ಒಣಚಳಿಯಲ್ಲಿ ಪಾಕವು ಬೇಗನೆ ಹರಳುಗಟ್ಟಿ ಮುಳ್ಳು ಚೆನ್ನಾಗಿ ಬರುತ್ತದೆಂದು ಕೋಳಿ ಕೂಗುವ ಹೊತ್ತಿಗೇ ಈ ಕೆಲಸಕ್ಕೆ ಕುಳಿತುಕೊಳ್ಳುತ್ತಿದ್ದರು. ಹಲವು ದಿನ ಹೀಗೆ ದುಡಿದರೆ ಒಂದು ಡಬ್ಬಿ ತುಂಬುವಷ್ಟು ಕುಸುರೆಳ್ಳು. ಹೊಸದಾಗಿ ಮದುವೆಯಾದ ಹೆಣ್ಣಿಗೂ ಮೊದಲ ಸಂಕ್ರಮಣವನ್ನು ಕಾಣುವ ಕೂಸಿಗೂ ಇದರಿಂದಲೇ ಸರ, ಬಾಜುಬಂದುಗಳನ್ನು ಮಾಡಿ ತೊಡಿಸುವ ಪದ್ಧತಿ ಮಹಾರಾಷ್ಟ್ರಕ್ಕೆ ಹೊಂದಿದ ಪ್ರದೇಶಗಳಲ್ಲಿದೆ.

ಸಂಕ್ರಮಣದ ಸಂಜೆ ಕಿರಿಯರು ಮನೆ ಮನೆಗೆ ಹೋಗಿ ಹಿರಿಯರ ಕೈಗೆ ಇದನ್ನಿತ್ತು ಕಾಲಿಗೆ ಎರಗುತ್ತಾರೆ. ವರ್ಷದ ಮುನಿಸನ್ನು ಮರೆತು ಒಳ್ಳೆಯ ಮಾತನ್ನಾಡಬೇಕೆಂಬುದು ಅದರ ಅರ್ಥ. ಮಾತು ಬಿಟ್ಟ ಅಣ್ಣತಮ್ಮಂದಿರ ಮನೆಯ ಬಾಗಿಲನ್ನು ಈ ಚಿಟಿಕೆ ಎಳ್ಳು ತೆರೆಸಿದ ನಿದರ್ಶನಗಳು ಪ್ರತಿ ಊರಿನಲ್ಲಿಯೂ ದೊರೆಯುತ್ತವೆ.

ಗ್ರಂಥಗಳ ಸಾಕ್ಷ್ಯ

ಈ ವಿದ್ಯೆಯನ್ನು ನಮ್ಮ ಪ್ರಾಚೀನ ಗ್ರಂಥಕಾರರು ಕಡೆಗಣಿಸಲಿಲ್ಲ. ಕಲ್ಯಾಣದ ಚಾಳುಕ್ಯರ ಕಾಲದ ಎರಡನೆಯ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಜ್ಯೋತಿಷ್ಯ, ವಾಸ್ತು, ವೈದ್ಯ ಮುಂತಾದ ವಿಷಯಗಳ ಜೊತೆಗೆ ಸೂಪಶಾಸ್ತ್ರಕ್ಕೂ ಸ್ಥಾನವಿತ್ತಿದ್ದಾನೆ. ಅದೇ ವಂಶದ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ವು (ಸು. 1129) ರಾಜಭೋಗಗಳಲ್ಲೊಂದಾಗಿ ಅನ್ನಭೋಗವನ್ನು ವರ್ಣಿಸುತ್ತದೆ. ಗೋಧಿಯ ಕಣಕವನ್ನು ಕೈಯಿಂದ ತೆಳುವಾಗಿ ಹಿಗ್ಗಿಸಿ, ಕಾದ ಮಣ್ಣಿನ ಪಾತ್ರೆಯ ಮೇಲೆ ಬೇಯಿಸುವ ‘ಮಂಡಕ’ದ ವಿವರ ಅಲ್ಲಿದೆ. ಬೆಳಗಾವಿಯ ಕಡೆಯಲ್ಲಿ ಮದುವೆಗಳಿಗೆ ಮಾಡುವ ಮಂಡಿಗೆಯನ್ನು ಬೋರಲು ಹಾಕಿದ ಕಾದ ಪಾತ್ರೆಯ ಮೇಲೆ ಬೇಯಿಸುವುದನ್ನು ಕಂಡವರಿಗೆ ಇವೆರಡರ ನಂಟನ್ನು ಬೇರೆ ಹೇಳಬೇಕಾಗಿಲ್ಲ.

ಮೂರನೆಯ ಮಂಗರಸನು ಸುಮಾರು 1508ರಲ್ಲಿ ವಾರ್ಧಕ ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ವಂತೂ ಪಾಕವನ್ನೇ ವಸ್ತುವಾಗುಳ್ಳ ಕನ್ನಡ ಕೃತಿ. ಅದರ ಪಿಷ್ಟಪಾಕದ ಭಾಗದಲ್ಲಿ ಹಿಟ್ಟಿನ ತಿನಿಸುಗಳ ವಿವರಣೆಯಿದೆ. ಕೆಳಗೂ ಮೇಲೂ ಕೆಂಡವಿಟ್ಟು ನಡುವೆ ಮುಚ್ಚಿದ ಪಾತ್ರೆಯಲ್ಲಿ ಸುಡುವ ಮುಚ್ಚಳರೊಟ್ಟಿಯನ್ನು ಅವನು ಹೇಳಿದ್ದಾನೆ. ಎರಡು ಕಡೆಯ ಕಾವಿನಿಂದ ಸುಡುವ ತತ್ತ್ವ ಪರದೇಶದ ಒಲೆಗಳೊಡನೆಯೇ ಈ ನಾಡಿಗೆ ಬಂದಿತೆಂಬ ಭಾವನೆ ಸರಿಯಲ್ಲವೆಂಬುದಕ್ಕೆ ಇದೊಂದೇ ಸಾಕು.

ಆದರೂ ಪರಂಪರೆಯೆಂಬುದು ನಿಂತ ನೀರಲ್ಲ. ಸಂಕ್ರಮಣದ ಶೇಂಗಾ ಹೋಳಿಗೆಯನ್ನೇ ನೋಡಬಹುದು. ಅದರೊಳಗಿನ ಹೂರಣ ಎಂಬ ಮಾತು ‘ಪೂರಣ’ದಿಂದ ಬಂದುದು, ಪಕಾರವು ಹಕಾರವಾಗುವುದು ಕನ್ನಡದ ಹಳೆಯ ನಿಯಮ. ಆದರೆ ಶೇಂಗಾ ದಕ್ಷಿಣ ಅಮೆರಿಕೆಯಿಂದ ಕಡಲು ದಾಟಿ ಬಂದ ಬೆಳೆ. ಚಟ್ನಿಯ ಮೆಣಸಿನಕಾಯಿಯೂ ಅಂತೆಯೇ. ಚಾವುಂಡರಾಯನಾಗಲಿ ಸೋಮೇಶ್ವರನಾಗಲಿ ಇವನ್ನು ಕಂಡವರಲ್ಲ. ಹೊಸ ಬೀಜವನ್ನು ಹಳೆಯ ಹೂರಣವಾಗಿಸಿಕೊಂಡ ಜಾಣ್ಮೆಯೇ ಮನೆಯ ಪರಂಪರೆಯನ್ನು ಉಳಿಸಿದೆ.

ಹಂಚು ಮತ್ತು ಹಂಚಿಕೆ

ಕನ್ನಡದಲ್ಲಿ ‘ಹಂಚು’ ಎಂಬ ರೂಪಕ್ಕೆ ಎರಡು ಅರ್ಥಗಳಿವೆ. ನಾಮಪದವಾದಾಗ ಅದು ರೊಟ್ಟಿ ಸುಡುವ ಸಾಧನ. ಕ್ರಿಯಾಪದವಾದಾಗ ಪಾಲು ಮಾಡಿ ಕೊಡುವುದು. ಇವೆರಡನ್ನೂ ಒಂದೇ ಧಾತುವಿನಿಂದ ಸಾಧಿಸಲು ಹೊರಡುವುದು ಶಬ್ದಶಾಸ್ತ್ರಕ್ಕೆ ಸಲ್ಲದು. ಆದರೆ ಮಾಗಿಯ ಮನೆಯಲ್ಲಿ ಇವೆರಡೂ ಒಂದೇ ಆಗಿವೆ. ಹಂಚಿನ ಮೇಲೆ ಬಿದ್ದದ್ದು ಹಂಚಿಹೋಗದೆ ಇದ್ದರೆ ಹಬ್ಬವೆನಿಸುವುದಿಲ್ಲ.

ಈ ತತ್ತ್ವವನ್ನು ಹನ್ನೆರಡನೆಯ ಶತಮಾನದ ಶರಣರು ಬದುಕಿನ ನಿಯಮವಾಗಿಸಿದರು. ದುಡಿದು ಗಳಿಸುವುದು ಕಾಯಕ, ಗಳಿಸಿದ್ದನ್ನು ಸಮಾಜಕ್ಕೆ ಸಲ್ಲಿಸುವುದು ದಾಸೋಹ. ಭತ್ತ ಕುಟ್ಟುವುದನ್ನೇ ಕಾಯಕವಾಗಿಸಿಕೊಂಡ ಕೊಟ್ಟಣದ ಸೋಮಮ್ಮನು ವಚನಕಾರ್ತಿಯರ ಸಾಲಿನಲ್ಲಿದ್ದಾಳೆ. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದವಳು ಅವನ ಸತಿ ಲಕ್ಕಮ್ಮ. ಒಲೆಯ ಮುಂದಿರುವವಳು ಕೇವಲ ಬೇಯಿಸುವವಳಲ್ಲ, ಮನೆಯ ಧರ್ಮವನ್ನು ನಿರ್ಣಯಿಸುವವಳೂ ಹೌದು ಎಂಬುದು ಈ ಪ್ರಸಂಗದಿಂದ ಸಿದ್ಧವಾಗುತ್ತದೆ.

ಮಾಗಿಯ ಕಾಲಕ್ಕೂ ಶರಣರಿಗೂ ಇನ್ನೊಂದು ನಂಟುಂಟು. ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರರ ಜಾತ್ರೆ ನಡೆಯುವುದು ಮಕರ ಸಂಕ್ರಮಣದಲ್ಲಿಯೇ. ಕುಂಬಾರನ ಮಗಳೊಬ್ಬಳು ಅವರ ಯೋಗದಂಡವನ್ನು ವರಿಸಿದಳೆಂಬ ಐತಿಹ್ಯದ ನೆನಪಿಗಾಗಿ ನಂದಿಧ್ವಜಗಳ ಮೆರವಣಿಗೆಯೂ ಅಕ್ಷತೆಯ ಸಮಾರಂಭವೂ ಅಲ್ಲಿ ಜರುಗುತ್ತವೆ. ವಿಜಯಪುರದ ಸಿದ್ಧೇಶ್ವರ ಜಾತ್ರೆಯೂ ಇದೇ ಹಬ್ಬದ ಕಾಲದ್ದು. ಕೊಪ್ಪಳದ ಗವಿಸಿದ್ಧೇಶ್ವರ ಮಠದ ಜಾತ್ರೆ ಪುಷ್ಯ ಬಹುಳ ಬಿದಿಗೆಯಂದು. ಆ ಜಾತ್ರೆಯ ಮಹಾದಾಸೋಹಕ್ಕಾಗಿ ಸುತ್ತಲಿನ ಹಳ್ಳಿಗಳ ಮನೆಮನೆಗಳಲ್ಲಿ ದಿನಗಟ್ಟಲೆ ರೊಟ್ಟಿ ಬಡಿದು ಒಣಗಿಸಿ, ಬಂಡಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಹೇರಿಕೊಂಡು, ಭಜನೆಯೊಡನೆ ಮಠಕ್ಕೆ ತರುತ್ತಾರೆ. ಹಾಗೆ ಕೂಡುವ ರೊಟ್ಟಿಗಳ ಎಣಿಕೆ ಲಕ್ಷಗಳನ್ನು ಮುಟ್ಟುತ್ತದೆ. ಇಲ್ಲಿ ದಾನಿಯ ಹೆಸರಿಲ್ಲ. ಯಾವ ರೊಟ್ಟಿ ಯಾವ ಮನೆಯದೆಂದು ರಾಶಿಯಲ್ಲಿ ಗುರುತಿಸಲಾಗದು. ಬಡವಳ ಎರಡು ರೊಟ್ಟಿಯೂ ಸಿರಿವಂತನ ಎರಡು ಬುಟ್ಟಿಯೂ ಒಂದೇ ರಾಶಿಯಲ್ಲಿ ಲೀನವಾಗುತ್ತವೆ.

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಧಾರವಾಡದ ಮುರುಘಾಮಠ, ಬೆಳಗಾವಿಯ ನಾಗನೂರು ರುದ್ರಾಕ್ಷಿಮಠ, ತುಮಕೂರಿನ ಸಿದ್ಧಗಂಗಾಮಠ ಮೊದಲಾದೆಡೆಗಳಲ್ಲಿ ಹಳ್ಳಿಯ ಬಡ ಹುಡುಗರು ಉಂಡು ಓದಿದ್ದು ಇಂತಹ ಹಂಚಿಕೆಯಿಂದಲೇ. ಭಕ್ತರ ಮನೆಗಳ ಕಾಳು ಜೋಳಿಗೆಗೆ ಬಿದ್ದು, ಜೋಳಿಗೆಯಿಂದ ಪ್ರಸಾದ ನಿಲಯದ ಪಂಕ್ತಿಗೆ ಬಂದಿತು. ಶಾಲೆಯ ಕಟ್ಟಡಕ್ಕೆ ಕಲ್ಲು ಕೊಟ್ಟವರ ಹೆಸರು ಗೋಡೆಯ ಮೇಲಿದೆ. ಹಿಟ್ಟು ಕೊಟ್ಟವರ ಹೆಸರು ಎಲ್ಲಿಯೂ ಇಲ್ಲ. ಮನೆಯಿಂದ ಬರುತ್ತಿದ್ದ ಕಟಿರೊಟ್ಟಿಯ ಗಂಟನ್ನು ಬಿಚ್ಚಿ ಕೋಣೆಯ ಗೆಳೆಯರೊಡನೆ ಹಂಚಿಕೊಂಡು, ಚಟ್ನಿಪುಡಿಗೆ ಎಣ್ಣೆ ಹಾಕಿಕೊಂಡು, ಪರೀಕ್ಷೆಯ ಚಳಿರಾತ್ರಿಗಳನ್ನು ಕಳೆದವರು ಮುಂದೆ ಹಿರಿಯ ಹುದ್ದೆಗಳಿಗೆ ಏರಿದರು. ಅವರ ವಿದ್ಯೆಯ ಬುನಾದಿಯಲ್ಲಿ ಹೆಸರಿಲ್ಲದ ಎಷ್ಟೋ ತಾಯಂದಿರ ಅಂಗೈಯ ಬೊಬ್ಬೆಗಳಿವೆ.

ಹರಿದ ರೊಟ್ಟಿಯ ಪ್ರಶ್ನೆ

ಇಷ್ಟು ಹೇಳಿ ಪರಂಪರೆಯನ್ನು ಕೊಂಡಾಡಿ ನಿಲ್ಲಿಸಿದರೆ ವಿಷಯಕ್ಕೆ ನ್ಯಾಯ ಸಲ್ಲಿಸಿದಂತಾಗದು. ಕೂಡುಕುಟುಂಬದ ಅಡಿಗೆಮನೆಯಲ್ಲಿ ಕೇಳಿಬರುತ್ತಿದ್ದ ಒಂದು ಮಾತನ್ನು ಇಲ್ಲಿ ಗಮನಿಸಬೇಕು. ಹೊಸದಾಗಿ ಬಂದ ಸೊಸೆ ರೊಟ್ಟಿ ಬಡಿಯುವಾಗ ಅಂಚು ಒಡೆದು, “ಅತ್ತೀ, ರೊಟ್ಟಿ ಹರೀತರಿ” ಎಂದು ಅಂಜುತ್ತ ಹೇಳಿದರೆ ಅತ್ತೆಯ ಉತ್ತರ ಬಹುಮಟ್ಟಿಗೆ ಹೀಗಿರುತ್ತಿತ್ತು: “ಇರಲಿ ಬಿಡವಾ, ಹರಿದದ್ದು ನಮಗಾತು. ದುಂಡಂದು ಗಂಡಸರ ತಾಟಿಗೆ ಹಾಕು.” ಆ ಮಾತಿನಲ್ಲಿ ಅಕ್ಕರೆಯಿದೆ, ಕಲಿಯುವವಳ ತಪ್ಪನ್ನು ಮುಚ್ಚಿಕೊಳ್ಳುವ ದೊಡ್ಡತನವಿದೆ. ಆದರೆ ನೂರಾರು ವರ್ಷಗಳಿಂದ ಹರಿದದ್ದು, ಸೀದದ್ದು, ಆರಿದ್ದು ಯಾರ ಪಾಲಿಗೆ ಬಂದಿತೆಂಬುದೂ ಅದರಲ್ಲಿಯೇ ಇದೆ. ಜಗತ್ತಿಗೆಲ್ಲ ಹಂಚಿದವಳು ಹಂಚಿಕೆಯ ಕಡೆಯ ಸಾಲಿನಲ್ಲಿ ಕುಳಿತಳು.

ಬೆಳಗಿನ ನಾಲ್ಕು ಗಂಟೆಗೆ ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣು ಆ ದಣಿವನ್ನು ಮರೆಯಲು ಹಾಡು ಕಟ್ಟಿದಳು. ಹಲಸಂಗಿಯ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ಗಳಲ್ಲಿ ಬೀಸುವ ಕಲ್ಲಿನ ಬಳಿ ಹುಟ್ಟಿದ ತ್ರಿಪದಿಗಳು ಹಲವಿವೆ. ಹಿಟ್ಟಿನ ಗಿರಣಿ ಬಂದು ಆ ದುಡಿತ ತಪ್ಪಿತು; ಹಾಡೂ ನಿಂತಿತು. ಹಾಡಿಗಾಗಿ ಮತ್ತೆ ಬೀಸುವ ಕಲ್ಲಿಗೆ ಹೋಗಿರೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಹೊಗೆಯೊಲೆಯ ಮುಂದೆ ಕಣ್ಣು, ಎದೆಗಳನ್ನು ಕೆಡಿಸಿಕೊಂಡವರ ಸಂಕಟವನ್ನು ಕಂಡು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ವಿಭಾಗದವರು 1980ರ ದಶಕದ ಆದಿಯಲ್ಲಿ ಕಡಿಮೆ ಕಟ್ಟಿಗೆಯ, ಹೊಗೆ ಹೊರಹಾಕುವ ಅಸ್ತ್ರ ಒಲೆಯನ್ನು ರೂಪಿಸಿದರು. ಇಂದು ಹಳ್ಳಿಗಳಿಗೂ ಅಡಿಗೆ ಅನಿಲ ಬಂದಿದೆ. ಇವೆಲ್ಲ ಸ್ವಾಗತಾರ್ಹವಾದ ಬದಲಾವಣೆಗಳು.

ಇದೇ ಕಾಲದಲ್ಲಿ ಇನ್ನೊಂದು ಬದಲಾವಣೆಯೂ ಆಗಿದೆ. ಅಗ್ಗದ ಅಕ್ಕಿ ಗೋಧಿಗಳು ಜೋಳದ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿವೆ; ಹಿಂಗಾರಿ ಜೋಳದ ಹೊಲಗಳಲ್ಲಿ ಬೇರೆ ಬೆಳೆಗಳು ಬಂದಿವೆ. ಕುಸುರೆಳ್ಳು ಅಂಗಡಿಯ ಪೊಟ್ಟಣದಲ್ಲಿ ದೊರೆಯುತ್ತದೆ. ರೊಟ್ಟಿ ಬಡಿಯಲು ಬಾರದ ಮನೆಗಳು ಹೆಚ್ಚುತ್ತಿವೆ. ಆದರೆ ಪೇಟೆಗಳಲ್ಲಿ ಖಡಕ್ ರೊಟ್ಟಿಗೆ ಬೇಡಿಕೆ ಕುಂದಿಲ್ಲ. ಸ್ವಸಹಾಯ ಸಂಘಗಳ ಮಹಿಳೆಯರು ರೊಟ್ಟಿ ಮಾರಿ ಸಂಸಾರ ಸಾಗಿಸುತ್ತಿದ್ದಾರೆ. ಮನೆಯೊಳಗೆ ಬೆಲೆಯಿಲ್ಲದೆ ನಡೆದ ದುಡಿಮೆಗೆ ಹೊರಗೆ ಬೆಲೆ ಬಂದುದು ಸಂತೋಷದ ಸಂಗತಿ. ಸಂಯುಕ್ತ ರಾಷ್ಟ್ರ ಸಂಸ್ಥೆಯು 2023ನ್ನು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿತು. ಆಗ ಜೋಳ ಸಜ್ಜೆಗಳ ಗುಣಗಾನ ಸಭೆಗಳಲ್ಲಿ ನಡೆಯಿತು. ಗುಣಗಾನ ಮಾಡಿದವರಲ್ಲಿ ಎಷ್ಟು ಜನರ ಅಂಗೈಗೆ ಆ ಹಿಟ್ಟು ಹತ್ತಿತ್ತೆಂಬುದು ಬೇರೆ ಮಾತು.

ಹೀಗೆ ಎರಡು ಅಪಾಯಗಳು ಎದುರಿಗಿವೆ. ದುಡಿತವನ್ನೆಲ್ಲ ಹೆಣ್ಣಿನ ಮೇಲೆಯೇ ಹೊರಿಸಿ ಪರಂಪರೆಯನ್ನು ಉಳಿಸಹೊರಟರೆ ಅನ್ಯಾಯ. ದುಡಿತ ಬೇಡವೆಂದು ವಿದ್ಯೆಯನ್ನೇ ಬಿಟ್ಟರೆ ನಷ್ಟ. ಈ ಎರಡರ ನಡುವೆ ದಾರಿ ಒಂದೇ, ಅದು ಹಂಚಿಕೆ. ರೊಟ್ಟಿಯನ್ನು ಹಂಚಿಕೊಂಡಂತೆ ರೊಟ್ಟಿ ಸುಡುವ ಕೆಲಸವನ್ನೂ ಹಂಚಿಕೊಳ್ಳಬೇಕು. ಮಠಗಳ ದಾಸೋಹದ ಮನೆಗಳಲ್ಲಿ ದೊಡ್ಡ ಕಡಾಯಿಗಳ ಮುಂದೆ ಗಂಡಸರೇ ನಿಂತು ಅಡಿಗೆ ಮಾಡುವುದನ್ನು ಎಲ್ಲರೂ ನೋಡಿದ್ದಾರೆ. ಅಲ್ಲಿ ಸೇವೆಯೆನಿಸಿದ ಕೆಲಸ ಮನೆಯಲ್ಲಿ ಮಾತ್ರ ಹೆಣ್ಣಿನ ಪಾಲಿನ ಚಾಕರಿಯಾಗುವುದು ಹೇಗೆ? ಕಾಯಕದಲ್ಲಿ ಮೇಲುಕೀಳಿಲ್ಲವೆಂದು ವೇದಿಕೆಯ ಮೇಲೆ ಹೇಳುವವರು ತಮ್ಮ ಮನೆಯ ಒಲೆಯ ಮುಂದೆ ಅದನ್ನು ನಡೆಸಿ ತೋರಿಸಬೇಕಾಗಿದೆ.

ಶಾಲೆಯು ಮಾಡಬಹುದಾದುದು

ಈ ವಿಷಯದಲ್ಲಿ ಶಾಲೆಗಳ ಹೊಣೆ ಸಣ್ಣದಲ್ಲ. ಮಾಗಿಯ ದಿನಗಳಲ್ಲಿ ವಿದ್ಯಾರ್ಥಿಗಳು ತಮ್ಮ ಅಜ್ಜಿ, ಆಯಿ, ಅವ್ವಂದಿರ ಬಳಿ ಕುಳಿತು ಒಲೆಗೆ, ಹಿಟ್ಟಿಗೆ, ಕಾಳಿಗೆ ಸಂಬಂಧಿಸಿದ ಮಾತುಗಳನ್ನು ಬರೆದು ತರುವಂತೆ ಕನ್ನಡದ ಅಧ್ಯಾಪಕರು ಹೇಳಬಹುದು. ಎಸರು, ಜಿಗಿ, ಚರಗ, ಸೀತನಿ, ಕುಸುರು ಎಂಬ ಪದಗಳು ನಿಘಂಟಿಗಿಂತ ಮೊದಲು ಆ ಹಿರಿಯರ ಬಾಯಲ್ಲಿವೆ. ಅವರೊಡನೆ ಅವು ಹೊರಟುಹೋದರೆ ನಿಘಂಟಿನಲ್ಲಿ ಉಳಿಯುವುದು ಶಬ್ದವೇ ಹೊರತು ರುಚಿಯಲ್ಲ. ವಿಜ್ಞಾನದ ಅಧ್ಯಾಪಕರು ಎಸರಿನಲ್ಲಿ ಪಿಷ್ಟವು ಅಂಟಾಗುವ ಬಗೆಯನ್ನೂ ಸಕ್ಕರೆಯು ಹರಳುಗಟ್ಟುವ ಬಗೆಯನ್ನೂ ಮನೆಯ ಉದಾಹರಣೆಯಿಂದಲೇ ತಿಳಿಸಬಹುದು. ಭೂಗೋಳದ ಪಾಠಕ್ಕೆ ಎರೆಭೂಮಿ, ಹಿಂಗಾರಿ ಬೆಳೆ, ಅಯನಚಲನೆಗಳು ಒದಗುತ್ತವೆ. ಪ್ರಸಾದ ನಿಲಯದ ಹುಡುಗರು ವರ್ಷಕ್ಕೊಂದು ದಿನವಾದರೂ ತಾವೇ ಹಿಟ್ಟು ನಾದಿ, ರೊಟ್ಟಿ ಬಡಿದು, ಊರ ಹಿರಿಯ ಹೆಣ್ಣುಮಕ್ಕಳನ್ನು ಪಂಕ್ತಿಯಲ್ಲಿ ಕುಳ್ಳಿರಿಸಿ ಬಡಿಸಬಹುದು.

ಅಂದಿನ ರೊಟ್ಟಿಗಳು ಬಹುಶಃ ದುಂಡಗಿರಲಾರವು. ಅಂಚು ಒಡೆದಾವು, ನಡುವೆ ಹರಿದಾವು. ಅದರಿಂದ ಕುಂದೇನೂ ಇಲ್ಲ. ಅವುಗಳಲ್ಲಿ ಚೆನ್ನಾಗಿ ಬಂದುದನ್ನು ಆ ತಾಯಂದಿರ ಎಲೆಗೆ ಹಾಕಿ, ಹರಿದುದನ್ನು ಹುಡುಗರು ತಾವು ತಿಂದರೆ ಸಾಕು. ಪಠ್ಯಪುಸ್ತಕದಲ್ಲಿ ಬರೆಯದ ಒಂದು ಪಾಠ ಅಂದು ಪೂರ್ತಿಯಾದಂತಾಗುತ್ತದೆ. ಹಂಚು ಎಂಬ ಪದದ ಎರಡು ಅರ್ಥಗಳೂ ಅವರಿಗೆ ಮನದಟ್ಟಾಗುತ್ತವೆ.